ರೆಸಿನ್ ಬುಕ್‌ಎಂಡ್ ಕಿಟ್: ಅಂದಕ್ಕೆ ಕೊರತೆಯಿಲ್ಲ, ಪುಸ್ತಕ ನಿಲ್ಲಿಸುವ ಕೆಲಸವೇ ಬಾಕಿ

ಸಾಲಾಗಿ ನಿಂತ ಪುಸ್ತಕಗಳು ವಾಲದಂತೆ ತುದಿಯಲ್ಲಿಡುವ ಆಸರೆಗಳನ್ನು, ಅಂದರೆ ಅಲಂಕಾರಿಕ ಬುಕ್‌ಎಂಡ್‌ಗಳನ್ನು, ಮನೆಯಲ್ಲೇ ಎರಕ ಹೊಯ್ದು ಮಾಡಿಕೊಳ್ಳಬಹುದೆಂದು ಹೇಳಿಕೊಂಡು ಮಾರಾಟವಾಗುವ ರೆಸಿನ್ ಕಿಟ್‌ಗಳು ಈಗ ಆನ್‌ಲೈನ್ ಅಂಗಡಿಗಳಲ್ಲಿ ಹೇರಳವಾಗಿ ಸಿಗುತ್ತವೆ. ನಾನು ತರಿಸಿದ್ದು ಸುಮಾರು 1,800 ರೂಪಾಯಿಯ ಒಂದು ಕಿಟ್. ಅದರಲ್ಲಿ 500 ಮಿಲಿಲೀಟರ್ ಎಪಾಕ್ಸಿ ರೆಸಿನ್, ಅದನ್ನು ಗಟ್ಟಿಯಾಗಿಸುವ 250 ಮಿಲಿಲೀಟರ್ ಹಾರ್ಡನರ್, ಎಲ್ ಆಕಾರದ ಎರಡು ಸಿಲಿಕೋನ್ ಅಚ್ಚುಗಳು, ಅಭ್ರಕದ ಬಣ್ಣದ ಪುಡಿಗಳು, ಚಿನ್ನದ ಬಣ್ಣದ ತೆಳು ಹಾಳೆಯ ಚೂರುಗಳು, ಒಣಗಿದ ಹೂಗಳ ಪೊಟ್ಟಣ, ಕಲಕುವ ಕಡ್ಡಿಗಳು, ಕೈಗವಸು ಮತ್ತು ತಳಕ್ಕೆ ಅಂಟಿಸುವ ಮಖಮಲ್ ಬಟ್ಟೆ ಇದ್ದವು. ಪೆಟ್ಟಿಗೆಯ ಜೋಡಣೆ ಚೆನ್ನಾಗಿದೆ, ಬಣ್ಣಗಳ ಆಯ್ಕೆಯಲ್ಲಿ ಅಭಿರುಚಿಯಿದೆ. ಆದರೆ ಈ ವಸ್ತುವನ್ನು ಅಲಂಕಾರವೆಂದು ಮಾತ್ರವಲ್ಲ, ಪುಸ್ತಕಕ್ಕೆ ಆಸರೆಯೆಂದೂ ಅಳೆಯಬೇಕು. ಹಾಗೆ ಅಳೆದರೆ ಕಿಟ್ ತಯಾರಿಸಿದವರು ಪುಸ್ತಕದ ಕಪಾಟನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ ಎಂಬುದು ಬೇಗ ತಿಳಿಯುತ್ತದೆ.

ಮೊದಲು ಪ್ರಮಾಣದ ಮಾತು. ಅಚ್ಚಿನ ನಿಲುವು ಭಾಗ 14 ಸೆಂಟಿಮೀಟರ್ ಎತ್ತರ, 10 ಸೆಂಟಿಮೀಟರ್ ಅಗಲ, ಎರಡೂವರೆ ಸೆಂಟಿಮೀಟರ್ ದಪ್ಪವಿದೆ. ಪಾದ 8 ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರ್ ದಪ್ಪವಿದೆ. ಎರಡನ್ನೂ ಕೂಡಿಸಿದರೆ ಒಂದು ಅಚ್ಚಿಗೆ 470 ಮಿಲಿಲೀಟರ್, ಜೋಡಿಗೆ 940 ಮಿಲಿಲೀಟರ್ ದ್ರವ ಬೇಕು. ಕಿಟ್‌ನಲ್ಲಿರುವುದು ಎರಡೂ ಸೀಸೆ ಸೇರಿ 750 ಮಿಲಿಲೀಟರ್. ಜೋಡಿಯೆಂದು ಮಾರಿದ ವಸ್ತುವಿನಲ್ಲಿ ಒಂದೂವರೆ ಬುಕ್‌ಎಂಡ್‌ಗೆ ಸಾಲುವಷ್ಟೇ ಸಾಮಗ್ರಿಯಿರುವುದನ್ನು ಕಣ್ತಪ್ಪೆಂದು ಒಪ್ಪುವುದು ಕಷ್ಟ. ಯಾವ ಕಿಟ್ ಕೊಂಡರೂ ಅಚ್ಚಿಗೆ ನೀರು ತುಂಬಿ, ಆ ನೀರನ್ನು ಅಳತೆಯ ಲೋಟಕ್ಕೆ ಸುರಿದು ನೋಡಿಕೊಳ್ಳುವುದು ಒಳ್ಳೆಯದು. ಅನಂತರ ಅಚ್ಚನ್ನು ಹನಿಯೂ ಉಳಿಯದಂತೆ ಒಣಗಿಸಬೇಕು, ಏಕೆಂದರೆ ಹಾರ್ಡನರ್‌ಗೆ ತೇವ ಆಗಿಬರುವುದಿಲ್ಲ.

ಇದಕ್ಕಿಂತ ಗಂಭೀರವಾದ ದೋಷ ಮಿಶ್ರಣದ ಸೂಚನೆಯಲ್ಲಿದೆ. ಒಡೆದ ಪಿಂಗಾಣಿ ಅಂಟಿಸಲು ನಾವು ದಶಕಗಳಿಂದ ಬಳಸುತ್ತಿರುವ ಅರಾಲ್ಡೈಟ್‌ನ ಎರಡು ಟ್ಯೂಬುಗಳಂತೆ ಇಲ್ಲಿಯೂ ರೆಸಿನ್ ಮತ್ತು ಹಾರ್ಡನರ್ ರಾಸಾಯನಿಕವಾಗಿ ಕೂಡಿಕೊಂಡೇ ಗಟ್ಟಿಯಾಗುತ್ತವೆ. ಬಣ್ಣ ಒಣಗುವಂತೆ ಏನೋ ಆವಿಯಾಗಿ ಹೋಗುವುದರಿಂದಲ್ಲ. ಹಾಗಾಗಿ ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆಂಬ ಸಾಮಾನ್ಯ ನಂಬಿಕೆ ತಪ್ಪು: ಜೊತೆ ಸಿಗದೆ ಉಳಿದ ಹಾರ್ಡನರ್ ಒಳಗೇ ಸಿಕ್ಕಿಕೊಂಡು ವಸ್ತುವನ್ನು ಮೆತ್ತಗೋ ಅಂಟಂಟಾಗಿಯೋ ಇಡುತ್ತದೆ. ಈ ಕಿಟ್‌ನ ಕರಪತ್ರ ಎರಡಕ್ಕೆ ಒಂದು ಎನ್ನುತ್ತದೆ, ಆದರೆ ಅದು ತೂಕವೋ ಗಾತ್ರವೋ ಎಂದು ಹೇಳುವುದಿಲ್ಲ. ಸೀಸೆಗಳ ಮೇಲೆ ಮಿಲಿಲೀಟರ್ ಇದ್ದರೆ ಕರಪತ್ರದಲ್ಲಿ ತಕ್ಕಡಿಯ ಚಿತ್ರವಿದೆ. ರೆಸಿನ್‌ನ ಸಾಂದ್ರತೆ ಸಾಮಾನ್ಯವಾಗಿ ಮಿಲಿಲೀಟರಿಗೆ 1.15 ಗ್ರಾಂನ ಆಸುಪಾಸಿನಲ್ಲಿದ್ದು ಹಾರ್ಡನರ್ ಅದಕ್ಕಿಂತ ಹಗುರವಾಗಿರುತ್ತದೆ. ಅದನ್ನು 0.95 ಎಂದು ಹಿಡಿದರೆ, ಗಾತ್ರದಲ್ಲಿ ಎರಡಕ್ಕೆ ಒಂದು ಎಂದರೆ 100 ಗ್ರಾಂ ರೆಸಿನ್‌ಗೆ 41 ಗ್ರಾಂ ಹಾರ್ಡನರ್ ಎಂದಾಯಿತು. ಅದೇ ಸೂಚನೆಯನ್ನು ತಕ್ಕಡಿಯಲ್ಲಿ ಪಾಲಿಸುವವರು 50 ಗ್ರಾಂ ಹಾಕುತ್ತಾರೆ, ಅಂದರೆ ಬೇಕಾದುದಕ್ಕಿಂತ ಅದರ ಐದನೆಯ ಒಂದು ಭಾಗಕ್ಕೂ ಮಿಗಿಲಾದಷ್ಟು ಹೆಚ್ಚು. ಇಷ್ಟು ವ್ಯತ್ಯಾಸವನ್ನು ತಾಳಿಕೊಳ್ಳುವ ಗುಣ ಎಪಾಕ್ಸಿಗಿಲ್ಲ. ಸೀಸೆಗಳ ಅಳತೆಯನ್ನು ನಂಬಿ ಗಾತ್ರದ ಲೆಕ್ಕದಲ್ಲಿ ಬೆರೆಸಿದ್ದು ಸರಿಯಾಗಿಯೇ ಗಟ್ಟಿಯಾಯಿತು. ಆದರೆ ಕೊಂಡವರು ಊಹಿಸಿ ತಿಳಿಯಬೇಕಾದ ವಿಷಯ ಇದಲ್ಲ.

ಎಷ್ಟು ದಪ್ಪಕ್ಕೆ ಒಮ್ಮೆಗೇ ಸುರಿಯಬಹುದೆಂಬ ಮಾಹಿತಿಯೂ ಸೀಸೆಯ ಮೇಲಿಲ್ಲ. ಮೇಜಿನ ಮೇಲ್ಮೈಗೆ ಹೊಳಪಿನ ಪದರ ಕೊಡುವ ರೆಸಿನ್ ಬೇರೆ, ದಪ್ಪ ಎರಕಕ್ಕೆಂದು ತಯಾರಿಸಿದ ರೆಸಿನ್ ಬೇರೆ. ಮೊದಲನೆಯದನ್ನು ಒಮ್ಮೆಗೆ ಕೆಲವು ಮಿಲಿಮೀಟರ್‌ಗಿಂತ ಹೆಚ್ಚು ಸುರಿಯಬಾರದು. ಎರಡನೆಯದು ನಿಧಾನವಾಗಿ ಗಟ್ಟಿಯಾಗುವುದರಿಂದ ಕೆಲವು ಸೆಂಟಿಮೀಟರ್‌ವರೆಗೆ ತಾಳುತ್ತದೆ. ಗಟ್ಟಿಯಾಗುವಾಗ ಹುಟ್ಟುವ ಶಾಖ ದಪ್ಪ ಮುದ್ದೆಯಿಂದ ಹೊರಹೋಗಲಾರದೆ ತನ್ನನ್ನು ತಾನೇ ಏರಿಸಿಕೊಳ್ಳುತ್ತದೆ. ಆಗ ರೆಸಿನ್ ಹಳದಿಯಾಗುತ್ತದೆ, ಬಿರುಕು ಬಿಡುತ್ತದೆ, ವಿಪರೀತಕ್ಕೆ ಹೋದರೆ ಹೊಗೆಯಾಡುತ್ತದೆ. ಈ ಅಚ್ಚು ಪಕ್ಕಕ್ಕೆ ಮಲಗಿದ ಎಲ್ ಆಗಿರುವುದರಿಂದ ಬುಕ್‌ಎಂಡ್‌ನ ಅಗಲವಾದ 10 ಸೆಂಟಿಮೀಟರೇ ಅಚ್ಚಿನ ಆಳ. ಪದರ ಪದರವಾಗಿ, ಹಿಂದಿನ ಪದರ ಬೆರಳಿಗೆ ತುಸು ಅಂಟುವ ಹಂತದಲ್ಲಿರುವಾಗಲೇ ಮುಂದಿನದನ್ನು ಹೊಯ್ಯುವುದೊಂದೇ ದಾರಿ. ಇದರಿಂದ ಒಂದು ಲಾಭವೂ ಇದೆ: ಮಲಗಿದ್ದಾಗ ಅಡ್ಡಲಾಗಿದ್ದ ಬಣ್ಣದ ಪದರಗಳು ಬುಕ್‌ಎಂಡ್ ಎದ್ದು ನಿಂತಾಗ ಉದ್ದನೆಯ ಪಟ್ಟೆಗಳಾಗಿ, ಪುಸ್ತಕದ ಬೆನ್ನುಗಳಿಗೆ ಸಮಾನಾಂತರವಾಗಿ ಕಾಣುತ್ತವೆ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಬಣ್ಣಗಳು ಅಡ್ಡಲಾಗಿ ಅಲೆಯಂತೆ ಹರಿದಿವೆ. ಈ ಅಚ್ಚಿನಲ್ಲಿ ಪದರ ಹೊಯ್ದು ಆ ವಿನ್ಯಾಸವನ್ನು ಪಡೆಯಲು ಸಾಧ್ಯವಿಲ್ಲ.

ಸಿಲಿಕೋನ್‌ನ ಒಳಮೈ ಕನ್ನಡಿಯಷ್ಟು ನಯವಾಗಿದ್ದು ಅದೇ ಹೊಳಪು ರೆಸಿನ್‌ಗೂ ಬರುತ್ತದೆ ಎಂಬುದನ್ನು ಮೆಚ್ಚಲೇಬೇಕು. ಗೋಡೆಗಳು ಮಾತ್ರ ತೆಳು. ರೆಸಿನ್‌ನ ಭಾರಕ್ಕೆ ಹೊಟ್ಟೆ ಉಬ್ಬಿಸುತ್ತವೆ. ಎರಡೂ ಕಡೆ ಹಲಗೆಯ ತುಂಡುಗಳನ್ನು ಆನಿಸಿ ರಬ್ಬರ್ ಪಟ್ಟಿ ಹಾಕಿದರೆ ನೇರವಾಗಿ ನಿಲ್ಲುತ್ತವೆ. ಹೂಗಳ ಪೊಟ್ಟಣ ನಿರಾಶೆ ತಂದಿತು: ಬಿಳಿಯ ಎಸಳುಗಳು ರೆಸಿನ್‌ನಲ್ಲಿ ನೆನೆದು ಪಾರದರ್ಶಕವಾಗಿ ಮಾಸಿಹೋದವು. ಮನೆಯಂಗಳದ ಹಳದಿ ಸೇವಂತಿಗೆಯನ್ನು ತೇವ ಹೀರುವ ಸಿಲಿಕಾ ಜೆಲ್ ಹರಳುಗಳಲ್ಲಿ ಹೂತಿಟ್ಟು ಪೂರ್ತಿ ಒಣಗಿಸಿದರೆ ಬಣ್ಣ ಎಷ್ಟೋ ಉಳಿಯುತ್ತದೆ. ಹಸಿ ಹೂವನ್ನಂತೂ ಇಡಲೇಬಾರದು, ಒಳಗಿನ ನೀರು ಗುಳ್ಳೆಯೆಬ್ಬಿಸಿ ಕೊನೆಗೆ ಹೂ ಕಂದಾಗುತ್ತದೆ.

ನಮ್ಮ ಹವೆಯ ಬಗ್ಗೆ ಕರಪತ್ರದಲ್ಲಿ ಒಂದು ಸಾಲೂ ಇಲ್ಲ. ಬೆಂಗಳೂರಿನ ಡಿಸೆಂಬರ್ ಬೆಳಗಿನ ಚಳಿಯಲ್ಲಿ ರೆಸಿನ್ ಜೇನಿಗಿಂತ ಮಂದವಾಗಿ ಗುಳ್ಳೆಗಳನ್ನು ಬಿಟ್ಟುಕೊಡುವುದಿಲ್ಲ. ಮುಚ್ಚಳ ಬಿಗಿಯಾದ ಸೀಸೆಯನ್ನು ಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ತಿಳಿಯಾಗುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಸಮಸ್ಯೆ ಇದಕ್ಕೆ ತದ್ವಿರುದ್ಧ: ಉಷ್ಣತೆ ಹತ್ತು ಡಿಗ್ರಿ ಏರಿದರೆ ಗಟ್ಟಿಯಾಗುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ ಬೆರೆಸಿದ ಲೋಟದಲ್ಲೇ ರೆಸಿನ್ ಬಿಸಿಯೇರಿ ಗಟ್ಟಿಯಾಗಿ ಕೂರಬಹುದು. ಕರಾವಳಿಯವರು ಜೂನ್, ಜುಲೈನಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಗಾಳಿಯ ತೇವ ಹಾರ್ಡನರ್‌ನೊಂದಿಗೆ ಸೇರಿ ಮೇಲ್ಮೈಯಲ್ಲಿ ಜಿಡ್ಡಿನಂಥ ಮಬ್ಬು ಪೊರೆ ಕಟ್ಟುತ್ತದೆ. ಪದರಗಳ ನಡುವೆ ಆ ಪೊರೆ ಉಳಿದರೆ ಅವು ಒಂದಕ್ಕೊಂದು ಹಿಡಿಯುವುದಿಲ್ಲ.

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ವಿಷರಹಿತ’ ಎಂದಿದೆ. ಪೂರ್ತಿ ಗಟ್ಟಿಯಾದ ರೆಸಿನ್‌ಗೆ ಈ ಮಾತು ಸಲ್ಲಬಹುದು, ದ್ರವಕ್ಕೆ ಸಲ್ಲುವುದಿಲ್ಲ. ಹಾರ್ಡನರ್‌ನಲ್ಲಿರುವ ಅಮೈನ್ ಎಂಬ ರಾಸಾಯನಿಕಗಳೂ ರೆಸಿನ್ ಕೂಡ ಚರ್ಮಕ್ಕೆ ತಗಲುತ್ತಿದ್ದರೆ ಅಲರ್ಜಿ ಹುಟ್ಟಿಸಬಲ್ಲವು, ಮತ್ತು ಒಮ್ಮೆ ಹುಟ್ಟಿದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಹೀಗಿರುವಾಗ ಹೋಟೆಲಿನಲ್ಲಿ ತಿಂಡಿ ಬಡಿಸುವವರು ಹಾಕಿಕೊಳ್ಳುವ ತೆಳು ಪ್ಲಾಸ್ಟಿಕ್ ಗವಸು ಕೊಟ್ಟಿರುವುದು ಬೇಜವಾಬ್ದಾರಿ. ನೈಟ್ರೈಲ್ ಎಂಬ ಕೃತಕ ರಬ್ಬರಿನ ಗವಸು ಬೇಕು, ಕಿಟಕಿ ತೆರೆದ ಕೋಣೆ ಬೇಕು, ಅಂಚು ಉಜ್ಜುವಾಗ ಧೂಳು ತಡೆಯುವ ಮುಖಗವಸು ಬೇಕು; ಧೂಳಿನ ಮುಖಗವಸು ಆವಿಯನ್ನು ತಡೆಯುವುದಿಲ್ಲ ಎಂಬುದೂ ನೆನಪಿರಬೇಕು. ಅಡುಗೆಮನೆಯ ಚಮಚ, ಲೋಟಗಳನ್ನು ಇದಕ್ಕೆ ಬಳಸಿದರೆ ಅವನ್ನು ಮತ್ತೆ ಅಡುಗೆಗೆ ತರಬಾರದು.

ಇನ್ನು ಬುಕ್‌ಎಂಡ್ ಆಗಿ ಇದರ ಯೋಗ್ಯತೆ. ಗ್ರಂಥಾಲಯಗಳಲ್ಲಿ ಕಾಣುವ ತಗಡಿನ ಬುಕ್‌ಎಂಡ್‌ಗೆ ಅಮೆರಿಕದ ವಿಲಿಯಂ ಸ್ಟೆಬಿನ್ಸ್ ಬರ್ನಾರ್ಡ್ 1877ರಲ್ಲೇ ಪೇಟೆಂಟ್ ಪಡೆದರು. ಅದರ ಜಾಣತನವೆಲ್ಲ ತೆಳು ಪಾದದಲ್ಲಿದೆ: ಪಾದ ಪುಸ್ತಕಗಳ ಅಡಿಗೆ ಸರಿಯುತ್ತದೆ, ಪುಸ್ತಕಗಳು ತಮ್ಮ ಭಾರದಿಂದಲೇ ತಮ್ಮ ಆಸರೆಯನ್ನು ಒತ್ತಿಹಿಡಿಯುತ್ತವೆ. ಹಾಗಾಗಿ ಹಗುರವಾದ ತಗಡು ಭಾರವಾದ ಸಾಲನ್ನು ನಿಲ್ಲಿಸುತ್ತದೆ. ಒಂದೂವರೆ ಸೆಂಟಿಮೀಟರ್ ದಪ್ಪದ ರೆಸಿನ್ ಪಾದವನ್ನು ಪುಸ್ತಕದಡಿಗೆ ಸರಿಸಿದರೆ ಕೊನೆಯ ಪುಸ್ತಕಗಳು ಮೆಟ್ಟಿಲು ಹತ್ತಿದಂತೆ ಮೇಲೇಳುತ್ತವೆ. ಆದ್ದರಿಂದ ಪಾದವನ್ನು ಹೊರಮುಖವಾಗಿ ಇಡಬೇಕಾಗುತ್ತದೆ, ಆಗ ಉಳಿಯುವುದು ವಸ್ತುವಿನ ಸ್ವಂತ ತೂಕ ಮತ್ತು ತಳದ ಹಿಡಿತ ಮಾತ್ರ. ಒಂದೊಂದರ ತೂಕ ಅರ್ಧ ಕಿಲೋ ಚಿಲ್ಲರೆ. ಕಥಾಸಂಕಲನಗಳ ಚಿಕ್ಕ ಸಾಲಿಗೆ ಅದು ಸಾಕು. ನಿಘಂಟಿನ ದಪ್ಪ ಸಂಪುಟಗಳು ಸ್ವಲ್ಪ ಓರೆಯಾದರೂ ಇದು ಜಾರುತ್ತದೆ. ತಳಕ್ಕೆಂದು ಕೊಟ್ಟಿರುವ ಮಖಮಲ್ ಆ ಜಾರಿಕೆಗೆ ಸಹಾಯವನ್ನೇ ಮಾಡುತ್ತದೆ: ಪಾಲಿಶ್ ಮಾಡಿದ ಮರದ ಮೇಲೆ ಬುಕ್‌ಎಂಡ್ ಕೇರಂ ಪಾನಿನಂತೆ ಸರಿಯುತ್ತದೆ.

ಪರಿಹಾರ ದುಬಾರಿಯದಲ್ಲ. ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಕೊಯ್ಯುವವರ ಬಳಿ ಚೂರುಗಳು ಬಿದ್ದಿರುತ್ತವೆ. ಅವನ್ನು ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಮಧ್ಯದ ಪದರಗಳಲ್ಲಿ ಹೂತರೆ ಒಂದೇ ಉಪಾಯದಿಂದ ಮೂರು ಕೆಲಸವಾಗುತ್ತದೆ. ಗ್ರಾನೈಟ್‌ನ ಸಾಂದ್ರತೆ ಸುಮಾರು 2.7, ಅಚ್ಚಿನ ನೂರಕ್ಕೆ ನಲವತ್ತು ಭಾಗವನ್ನು ಅದು ತುಂಬಿದರೆ ತೂಕ 800 ಗ್ರಾಂ ದಾಟುತ್ತದೆ, ಕಲ್ಲು ಶಾಖವನ್ನು ಹೀರುವುದರಿಂದ ಎರಕ ಕಾಯುವುದು ತಗ್ಗುತ್ತದೆ, ಮತ್ತು ಒಂದೂವರೆಗೆ ಸಾಲುತ್ತಿದ್ದ ರೆಸಿನ್ ಎರಡಕ್ಕೂ ಸಾಕಾಗುತ್ತದೆ. ಮಖಮಲ್ಲಿನ ಬದಲು ತೆಳು ರಬ್ಬರ್ ಹಾಳೆ ಅಂಟಿಸಬೇಕು. ದೊಡ್ಡ ಸಂಪುಟಗಳಿದ್ದರೆ, ಒಂದು ಮಿಲಿಮೀಟರ್ ಸ್ಟೀಲ್ ತಗಡನ್ನು ಪಾದದ ಕೆಳಗಿನಿಂದ ಪುಸ್ತಕಗಳ ಅಡಿಗೆ ಚಾಚುವಂತೆ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಕತ್ತರಿಸಿ ತಂದು ಅಂಟಿಸಿಕೊಳ್ಳುವುದು ಇನ್ನೂ ಉತ್ತಮ. ಅಂಚುಗಳನ್ನು ಅರದಿಂದ ಉಜ್ಜಿಸಿಕೊಳ್ಳದಿದ್ದರೆ ಪುಸ್ತಕದ ತಳ ಹರಿಯುತ್ತದೆ.

ಅಚ್ಚಿನಿಂದ ಬಿಡಿಸಿದ ತಕ್ಷಣ ಪುಸ್ತಕದ ಭಾರ ಹೊರಿಸಬಾರದು. ಮರುದಿನ ಕೈಗೆ ಗಟ್ಟಿಯೆನಿಸಿದರೂ ಪೂರ್ಣ ಬಲ ಬರಲು ಒಂದು ವಾರದಷ್ಟು ಬೇಕು, ಅಷ್ಟರೊಳಗೆ ನಿಲುವು ಭಾಗ ಬಾಗಬಹುದು. ಬಿಸಿಲು ಬೀಳುವ ಕಿಟಕಿಯ ಬಳಿಯಂತೂ ಇದು ಸಲ್ಲದು. ಹಳದಿಯಾಗುವುದಿಲ್ಲ ಎಂದು ಪೆಟ್ಟಿಗೆ ಭರವಸೆ ಕೊಡುತ್ತದೆ, ಆದರೆ ನೇರಳಾತೀತ ಕಿರಣ ತಡೆಯುವ ಸೇರ್ಪಡೆಗಳು ಹಳದಿಯಾಗುವುದನ್ನು ಮುಂದೂಡುತ್ತವೆಯೇ ಹೊರತು ತಪ್ಪಿಸುವುದಿಲ್ಲ.

ಇದೇ ಕಿಟ್ಟನ್ನು ಮತ್ತೆ ಕೊಳ್ಳುವುದಿಲ್ಲ. ಅಚ್ಚುಗಳು ಬಿಡಿಯಾಗಿ ಸಿಗುತ್ತವೆ, ದಪ್ಪ ಎರಕದ ರೆಸಿನ್ ಕೂಡ ಸಿಗುತ್ತದೆ. ಗರಿಷ್ಠ ದಪ್ಪವನ್ನೂ ಅನುಪಾತ ತೂಕದ್ದೋ ಗಾತ್ರದ್ದೋ ಎಂಬುದನ್ನೂ ಸೀಸೆಯ ಮೇಲೆಯೇ ಮುದ್ರಿಸುವ ತಯಾರಕರದನ್ನು ಆರಿಸಿಕೊಂಡು, ಬಣ್ಣದ ಪುಡಿಗೆಂದು ತೆಗೆದಿಟ್ಟ ಹಣದಲ್ಲಿ ಮೊದಲು ಒಂದು ಡಬ್ಬಿ ನೈಟ್ರೈಲ್ ಗವಸು ಕೊಳ್ಳಬೇಕು.