ಮೈಲೇಜ್ ಹೆಚ್ಚಿಸುವ ಓಬಿಡಿ ಪ್ಲಗ್: ಬಿಚ್ಚಿ ನೋಡಿದಾಗ ಕಂಡದ್ದು

ಕಾರಿನ ದೋಷ ಪತ್ತೆಗೆಂದು ಸ್ಟೀರಿಂಗ್ ಕೆಳಗೆ ಇರುವ ಓಬಿಡಿ ಪೋರ್ಟ್‌ಗೆ ಸಿಕ್ಕಿಸಿದರೆ ಸಾಕು, ಪೆಟ್ರೋಲ್ ಖರ್ಚು ಶೇ 15ರಷ್ಟು ಇಳಿಯುತ್ತದೆ ಎಂಬ ಜಾಹೀರಾತಿನೊಂದಿಗೆ ಆನ್‌ಲೈನ್‌ನಲ್ಲಿ ಮಾರಾಟವಾಗುವ ಹಸಿರು ಪ್ಲಗ್ ಒಂದನ್ನು ತರಿಸಿ, ಕೆಲವು ವಾರ ಬಳಸಿ, ಕೊನೆಗೆ ಬಿಚ್ಚಿಯೂ ನೋಡಿದ್ದೇನೆ. ಪೆಟ್ಟಿಗೆಯ ಮೇಲೆ ಒಂದು ಹೆಸರು, ಪ್ಲಗ್ಗಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಇನ್ನೊಂದು. ತಯಾರಕರ ವಿಳಾಸ ಎಲ್ಲಿಯೂ ಇಲ್ಲ. ಬೆಲೆ ಐದು ಲೀಟರ್ ಪೆಟ್ರೋಲಿಗಿಂತ ಕಡಿಮೆ. ಇಷ್ಟು ಸಣ್ಣ ಮೊತ್ತಕ್ಕಾಗಿ ದೂರು ಕೊಡಲು ಯಾರೂ ಅಲೆಯುವುದಿಲ್ಲ ಎಂಬ ಲೆಕ್ಕಾಚಾರ ಆ ಬೆಲೆಯಲ್ಲೇ ಅಡಗಿದೆ ಎಂದು ನನ್ನ ಗುಮಾನಿ.

ಜೊತೆಗೆ ಬಂದ ಕರಪತ್ರದ ಪ್ರಕಾರ, ರೀಸೆಟ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು, ಬಳಿಕ ಸುಮಾರು 200 ಕಿ.ಮೀ. ಓಡಿಸಬೇಕು, ಅಷ್ಟರಲ್ಲಿ ಸಾಧನವು ಚಾಲಕನ ಶೈಲಿಯನ್ನು ಕಲಿತು, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವನ್ನು ಅದಕ್ಕೆ ತಕ್ಕಂತೆ ಮರುಹೊಂದಿಸುತ್ತದೆ. ಇಸಿಯು ರೀಮ್ಯಾಪ್ ಎಂಬ ಕೆಲಸ ನಿಜವಾಗಿಯೂ ಇದೆ, ಅದನ್ನು ಓಬಿಡಿ ಪೋರ್ಟ್ ಮೂಲಕವೇ ಮಾಡುವುದೂ ಉಂಟು. ಆದರೆ ಅದಕ್ಕೆ ಆಯಾ ಮಾದರಿಯ ಇಸಿಯುವಿಗೆಂದೇ ಬರೆದ ತಂತ್ರಾಂಶ ಬೇಕು, ತಯಾರಕರು ಹಾಕಿದ ಭದ್ರತಾ ಬೀಗವನ್ನು ದಾಟಬೇಕು. ಆಲ್ಟೊದಿಂದ ಇನ್ನೋವಾದವರೆಗೆ ಯಾವ ಕಾರಿಗಾದರೂ ಹಾಕಿ ಎನ್ನುವ ಒಂದೇ ಪ್ಲಗ್ ಇಷ್ಟೆಲ್ಲ ಇಸಿಯುಗಳ ಮರ್ಮವನ್ನು ಹೇಗೆ ಬಲ್ಲದು ಎಂಬುದಕ್ಕೆ ಕರಪತ್ರದಲ್ಲಿ ಉತ್ತರವಿಲ್ಲ.

ಉತ್ತರ ಪ್ಲಗ್ಗಿನ ಒಳಗಿದೆ. ಓಬಿಡಿ ಪೋರ್ಟ್‌ನಲ್ಲಿ 16 ಪಿನ್‌ಗಳ ಜಾಗವಿದ್ದು, ಇಂದಿನ ಕಾರುಗಳಲ್ಲಿ 6 ಮತ್ತು 14ನೆಯ ಪಿನ್‌ಗಳ ಮೂಲಕ ಇಸಿಯು ಜೊತೆಗಿನ ಕ್ಯಾನ್ (ಕಾರಿನೊಳಗಿನ ಕಂಪ್ಯೂಟರುಗಳ ಸಂದೇಶ ಜಾಲ) ಸಂವಹನ ನಡೆಯುತ್ತದೆ. 16ನೆಯದು ನೇರ ಬ್ಯಾಟರಿಯಿಂದ ಬರುತ್ತದೆ. ಸಂವಹನ ನಡೆಸಬೇಕಾದರೆ ಕ್ಯಾನ್ ಟ್ರಾನ್ಸೀವರ್ ಎಂಬ ಚಿಪ್ ಇರಲೇಬೇಕು. ನನ್ನ ಪ್ಲಗ್ಗಿನ ಕವಚ ತೆಗೆದಾಗ ಉಗುರಿಗಿಂತ ಸಣ್ಣದೊಂದು ಮೈಕ್ರೋಕಂಟ್ರೋಲರ್, ಮೂರು ಎಲ್‌ಇಡಿ ದೀಪ, ಆ ರೀಸೆಟ್ ಗುಂಡಿ ಮತ್ತು ಬೆರಳೆಣಿಕೆಯ ರೆಸಿಸ್ಟರುಗಳು ಸಿಕ್ಕವು, ಟ್ರಾನ್ಸೀವರ್ ಇರಲಿಲ್ಲ. ಗುಂಡಿ ಒತ್ತಿದರೆ ದೀಪಗಳು ಮಿನುಗುವ ಕ್ರಮ ಬದಲಾಗುತ್ತದೆ, ಅಷ್ಟೇ. ನೈಟ್ರೋ ಓಬಿಡಿ2 ಹೆಸರಿನ ಇಂಥದ್ದೇ ಸಾಧನವನ್ನು ಫ್ರಾನ್ಸಿನ ಕ್ವಾರ್ಕ್ಸ್‌ಲ್ಯಾಬ್ ಸಂಸ್ಥೆಯವರು 2017ರಲ್ಲಿ ಬಿಚ್ಚಿ ಪರೀಕ್ಷಿಸಿದ್ದರು. ಪ್ಲಗ್ ಹಾಕುವ ಮೊದಲು ಮತ್ತು ಹಾಕಿದ ನಂತರ ಕಾರಿನ ಕ್ಯಾನ್ ಸಂದೇಶಗಳನ್ನು ದಾಖಲಿಸಿ ಹೋಲಿಸಿದಾಗ, ಸಾಧನದಿಂದ ಒಂದೇ ಒಂದು ಹೊಸ ಸಂದೇಶವೂ ಹೊರಟಿರಲಿಲ್ಲ. ಇನ್ನೊಂದು ಮಾತು: 16ನೆಯ ಪಿನ್‌ಗೆ ಕಾರು ಆಫ್ ಆದ ಮೇಲೂ ವಿದ್ಯುತ್ ಬರುತ್ತಿರುತ್ತದೆಯಾದ್ದರಿಂದ, ರಾತ್ರಿಯಿಡೀ ಮಿನುಗುವ ಈ ದೀಪಗಳು ನಿಮ್ಮ ಬ್ಯಾಟರಿಯನ್ನು ಅಲ್ಪಸ್ವಲ್ಪ ಖಾಲಿ ಮಾಡುತ್ತಲೇ ಇರುತ್ತವೆ.

ಹಾಗಿದ್ದರೆ ಉತ್ಪನ್ನದ ಪುಟದಲ್ಲಿ ಇಷ್ಟೊಂದು ಐದು ನಕ್ಷತ್ರಗಳು ಏಕೆ? ಎಲ್ಲವೂ ಬಾಡಿಗೆಯ ವಿಮರ್ಶೆಗಳು ಎಂದು ನಾನು ಹೇಳಲಾರೆ. ಭಾನುವಾರ ಬೆಳಿಗ್ಗೆ ತುಮಕೂರು ರಸ್ತೆಯಲ್ಲಿ ಹೋಗುವುದಕ್ಕೂ ವಾರದ ದಿನ ಸಂಜೆ ಸಿಲ್ಕ್ ಬೋರ್ಡ್ ದಾಟುವುದಕ್ಕೂ ಇರುವ ಮೈಲೇಜ್ ವ್ಯತ್ಯಾಸ ಈ ಸಾಧನ ಕೊಡುತ್ತೇನೆನ್ನುವ ಉಳಿತಾಯಕ್ಕಿಂತ ಎಷ್ಟೋ ದೊಡ್ಡದು. ಬಂಕಿನ ನಾಜಲ್ ಒಮ್ಮೆ ಬೇಗ, ಒಮ್ಮೆ ತಡವಾಗಿ ಆಟೊಕಟ್ ಆಗುವುದರಿಂದ ಟ್ಯಾಂಕ್ ತುಂಬಿಸಿ ಮಾಡುವ ಲೆಕ್ಕವೂ ಏರುಪೇರಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೈಲೇಜ್ ನೋಡಲೆಂದೇ ಹೊರಟ ಚಾಲಕನು ತನಗರಿವಿಲ್ಲದೆಯೇ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತುತ್ತಾನೆ. ಆ 200 ಕಿ.ಮೀ.ಗಳಲ್ಲಿ ಏನನ್ನಾದರೂ ಕಲಿಯುವುದು ಅವನ ಬಲಗಾಲು. ನನ್ನ ಕಾರಿನಲ್ಲಿ ಪ್ಲಗ್ ಇದ್ದಾಗಿನ ಅಂಕಿ, ಇಲ್ಲದಾಗಿನ ಅಂಕಿಗಳೆರಡೂ ಒಂದರೊಳಗೊಂದು ಸೇರಿಹೋಗಿದ್ದವು.

ಈ ಬಗೆಯ ಸಾಧನಗಳೆಲ್ಲ ನಿಂತಿರುವುದು ಒಂದು ತಪ್ಪು ಕಲ್ಪನೆಯ ಮೇಲೆ: ಎಂಜಿನ್ನಿನಲ್ಲಿ ಇಂಧನ ಅರೆಬರೆ ಉರಿದು ಉಳಿದದ್ದು ಹೊಗೆಯಾಗಿ ಪೋಲಾಗುತ್ತದೆ, ಅದನ್ನು ಪೂರ್ತಿ ಉರಿಸಿದರೆ ಲಾಭ ಎಂಬುದು. ಸುಸ್ಥಿತಿಯಲ್ಲಿರುವ ಇಂದಿನ ಪೆಟ್ರೋಲ್ ಎಂಜಿನ್ನಿನಲ್ಲಿ ಆಮ್ಲಜನಕ ಸಂವೇದಕದ ಸೂಚನೆಯಂತೆ ಇಸಿಯು ಗಾಳಿ ಮತ್ತು ಪೆಟ್ರೋಲಿನ ಪ್ರಮಾಣವನ್ನು 14.7:1ರ ಆಸುಪಾಸಿನಲ್ಲಿ ಕಾಯುತ್ತಿರುತ್ತದೆ, ಉರಿಯದೆ ಉಳಿಯುವುದು ಶೇ 2-3 ಇದ್ದರೆ ಹೆಚ್ಚು. ನಿಜವಾದ ನಷ್ಟ ಆಗುವುದು ಉರಿದ ಮೇಲೆ, ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಹೊರಹೋಗುವ ಶಾಖದ ರೂಪದಲ್ಲಿ; ಅದನ್ನು ತಡೆಯಲು ಎಂಜಿನ್ನಿನ ವಿನ್ಯಾಸವನ್ನೇ ಬದಲಿಸಬೇಕು. ಪೈಪಿಗೆ ಕಟ್ಟುವ ಆಯಸ್ಕಾಂತ, ಏರ್ ಫಿಲ್ಟರ್ ಬಳಿಯ ಸುಳಿಗಾಳಿ ರೆಕ್ಕೆ, ಸಿಗರೇಟ್ ಲೈಟರ್ ಸಾಕೆಟ್‌ನ ಸ್ಟೆಬಿಲೈಸರ್ ಇವೆಲ್ಲ ಇದೇ ಬಳಗ. ನೀರಿನಿಂದ ಹೈಡ್ರೋಜನ್ ತೆಗೆದು ಎಂಜಿನ್ನಿಗೆ ಕೊಡುವ ಕಿಟ್ಟಿನ ಕಥೆ ಮೂಗಿಗಿಂತ ಮೂಗುತಿ ಭಾರ ಎಂಬಂತೆ: ನೀರನ್ನು ಒಡೆಯಲು ಆಲ್ಟರ್ನೇಟರ್ ತೆಗೆದುಕೊಳ್ಳುವ ಶಕ್ತಿ ಅದೇ ಪೆಟ್ರೋಲಿನಿಂದ ಬರಬೇಕು, ಮರಳಿ ಸಿಗುವುದು ಅದಕ್ಕಿಂತ ಕಡಿಮೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಇಂಥ 100ಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದ್ದು, ಮೈಲೇಜನ್ನು ಗಣನೀಯವಾಗಿ ಹೆಚ್ಚಿಸುವ ಒಂದೂ ಅದಕ್ಕೆ ಸಿಕ್ಕಿಲ್ಲ.

ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಮೈಲೇಜ್ ಇಳಿಯಿತೆಂದು ಬೇಸರಗೊಂಡವರನ್ನು ಈಗ ಈ ಮಾರಾಟಗಾರರು ವಿಶೇಷವಾಗಿ ಗುರಿಮಾಡುತ್ತಿದ್ದಾರೆ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿಯು ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಇರುವುದರಿಂದ ಸ್ವಲ್ಪ ಇಳಿಕೆ ಸಹಜವೇ. ಟ್ಯಾಂಕಿನೊಳಗೆ ಇಲ್ಲದ ಶಕ್ತಿಯನ್ನು ಡ್ಯಾಶ್‌ಬೋರ್ಡ್ ಕೆಳಗಿನ ದೀಪ ತುಂಬಿಕೊಡಲಾರದು.

ಆ ಪೋರ್ಟ್‌ಗೆ ಏನಾದರೂ ಸಿಕ್ಕಿಸಲೇಬೇಕು ಎಂದಿದ್ದರೆ, ಹೆಚ್ಚುಕಡಿಮೆ ಇದೇ ಬೆಲೆಗೆ ಸಿಗುವ ಬ್ಲೂಟೂತ್ ಓಬಿಡಿ ರೀಡರ್ ಕೊಳ್ಳಿ. ಅದು ಮೈಲೇಜ್ ಹೆಚ್ಚಿಸುವುದಿಲ್ಲ, ಹಾಗೆಂದು ಹೇಳಿಕೊಳ್ಳುವುದೂ ಇಲ್ಲ. ಆದರೆ ಥರ್ಮೋಸ್ಟಾಟ್ ಕೆಟ್ಟು ಎಂಜಿನ್ ಸರಿಯಾಗಿ ಬಿಸಿಯೇರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದ್ದರೆ, ಕೂಲಂಟ್ ಉಷ್ಣತೆಯನ್ನು ಮೊಬೈಲಿನಲ್ಲಿ ತೋರಿಸಿ ಸುಳಿವು ಕೊಡುತ್ತದೆ. ಟೈರಿನ ಗಾಳಿಯನ್ನು ಸರಿಯಾಗಿ ಇಟ್ಟುಕೊಂಡರೆ ಸಿಗುವ ಉಳಿತಾಯ ಸಣ್ಣದಾದರೂ ನಿಜವಾದದ್ದು.

ಪ್ಲಗ್ ಕೆಲಸ ಮಾಡುತ್ತಿಲ್ಲವೆಂದು ಬರೆದಾಗ, ರೀಸೆಟ್ ಮಾಡಿ ಇನ್ನೂ 200 ಕಿ.ಮೀ. ಓಡಿಸಿ ಎಂಬ ಉತ್ತರ ಮಾರಾಟಗಾರರಿಂದ ಬಂತು. ಹಾಗೆ ಓಡಿಸುತ್ತ ಕೂತರೆ ವಾಪಸಾತಿಯ ಗಡುವು ಮುಗಿದುಹೋಗುತ್ತದೆ. ಈಗಾಗಲೇ ಕೊಂಡವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಅವಕಾಶವಿದೆ. ಬಿಲ್ಲಿನ ಜೊತೆಗೆ ಜಾಹೀರಾತಿನ ಸ್ಕ್ರೀನ್‌ಶಾಟನ್ನೂ ತೆಗೆದಿಟ್ಟುಕೊಳ್ಳಿ, ಏಕೆಂದರೆ ನಾನು ಕೊಂಡ ಪುಟ ಈಗ ಇಲ್ಲ. ಅದೇ ಚಿತ್ರ, ಅದೇ ಶೇ 15ರ ಭರವಸೆ ಬೇರೊಂದು ಹೆಸರಿನಲ್ಲಿ ಮಾರಾಟಕ್ಕಿದೆ.