ಬಳ್ಳಾರಿಯ ಒಂದು ಭಾಷಣ ತರಗತಿ: ಚೆನ್ನಾಗಿ ಕಲಿಸಿದ್ದು, ಕಲಿಸದೆ ಬಿಟ್ಟದ್ದು

ಬಳ್ಳಾರಿಯ ಗಾಂಧಿನಗರದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಡೆಯುವ, ಎರಡು ತಿಂಗಳ ಅವಧಿಯ ವ್ಯವಹಾರ ಸಂವಹನ ಮತ್ತು ಭಾಷಣ ತರಬೇತಿಯೊಂದನ್ನು ನಾನು ಈಚೆಗೆ ಮುಗಿಸಿದೆ. ಶುಲ್ಕ 4,500 ರೂಪಾಯಿ. ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ: ಹತ್ತು ಜನರ ಮುಂದೆ ನಿಂತು ತಮ್ಮ ಕೆಲಸದ ವಿಷಯವನ್ನು ತಿಳಿಯುವಂತೆ ಹೇಳಲು ಕಲಿಯಬೇಕೆನ್ನುವವರಿಗೆ ಇಲ್ಲಿ ಕೊಟ್ಟ ಹಣ ವ್ಯರ್ಥವಾಗುವುದಿಲ್ಲ, ವ್ಯವಹಾರದ ಪತ್ರ, ಸಂದೇಶಗಳನ್ನು ಬರೆಯಲು ಕಲಿಯಬೇಕೆಂದು ಬರುವವರಿಗೆ ಈ ತರಬೇತಿ ಸಾಲದು. ಕೇಂದ್ರದ ಹೆಸರನ್ನು ನಾನು ಬರೆಯುತ್ತಿಲ್ಲ. ಇಂಥ ತರಗತಿಗಳು ಈಗ ನಮ್ಮ ಭಾಗದ ಊರುಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ನಡೆಯುತ್ತಿವೆ, ಯಾವುದಕ್ಕೆ ಸೇರುವವರಿಗೂ ಇಲ್ಲಿನ ಗುಣದೋಷಗಳ ವಿವರ ಉಪಯೋಗಕ್ಕೆ ಬರಲಿ ಎಂಬುದು ನನ್ನ ಉದ್ದೇಶ.

ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಘಟಕ. ತರಗತಿಯಲ್ಲಿ ನನ್ನಂಥವರಲ್ಲದೆ ತೋರಣಗಲ್ಲಿನ ಉಕ್ಕಿನ ಉದ್ಯಮದಲ್ಲಿ ಗುತ್ತಿಗೆದಾರರ ಕೈಕೆಳಗೆ ಕೆಲಸ ಮಾಡುವ ಸುರಕ್ಷತಾ ಮೇಲ್ವಿಚಾರಕರೊಬ್ಬರು, ಸಿರುಗುಪ್ಪದ ಅಕ್ಕಿ ಗಿರಣಿಯ ಗುಮಾಸ್ತರು, ಕುರುಗೋಡಿನ ಕಡೆಯ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಒಬ್ಬ ಮಹಿಳೆ, ಔಷಧ ಕಂಪನಿಯ ಪ್ರತಿನಿಧಿಗಳು, ಕೆಲಸದ ಸಂದರ್ಶನಕ್ಕೆ ಸಿದ್ಧವಾಗುತ್ತಿರುವ ಬಿ.ಕಾಂ. ವಿದ್ಯಾರ್ಥಿಗಳು ಇದ್ದರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು ಅಥವಾ ಹಿಂದಿ ಆಡುವ ಜನರೇ ಹೆಚ್ಚಿದ್ದ ಆ ಕೊಠಡಿಯಲ್ಲಿ, ತರಬೇತುದಾರರು ಪಾಠವನ್ನು ಕನ್ನಡದಲ್ಲಿಯೇ ನಡೆಸಿದರು. ಅವರವರು ತಮ್ಮ ಕೆಲಸದಲ್ಲಿ ಯಾವ ಭಾಷೆ ಆಡುತ್ತಾರೋ ಆ ಭಾಷೆಯಲ್ಲಿಯೇ ಅಭ್ಯಾಸ ಮಾಡಲು ಬಿಟ್ಟರು. ಭಾಷಣ ಕಲಿಯುವುದೆಂದರೆ ಇಂಗ್ಲಿಷ್ ಕಲಿಯುವುದು ಎಂಬ ಭಾವನೆ ನಮ್ಮ ಕಡೆ ಎಷ್ಟು ಗಟ್ಟಿಯಾಗಿದೆಯೆಂದರೆ, ಇದೊಂದು ನಿರ್ಧಾರಕ್ಕಾಗಿಯೇ ಅವರನ್ನು ಮೆಚ್ಚಬೇಕು.

ಇಡೀ ತರಬೇತಿಯಲ್ಲಿ ಅತ್ಯಂತ ಬೆಲೆಯುಳ್ಳ ಪಾಠ ಎರಡನೆಯ ವಾರದ್ದು. ಭಾಷಣ ಬರೆಯುವುದಕ್ಕೆ ಮೊದಲು ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಒಂದೇ ಪ್ರಶ್ನೆಗೆ ಉತ್ತರ ಬರೆಯಬೇಕಿತ್ತು: ‘ನನ್ನ ಮಾತು ಮುಗಿದ ಮೇಲೆ ಕೇಳಿದವರು ಏನು ಮಾಡಬೇಕು?’ ಉತ್ತರ ಒಂದೇ ವಾಕ್ಯದಲ್ಲಿರಬೇಕು, ಅದರಲ್ಲಿ ಮಾಡುವ ಕೆಲಸವೊಂದು ಇರಬೇಕು. ‘ಅರಿವು ಮೂಡಬೇಕು’, ‘ಜಾಗೃತರಾಗಬೇಕು’ ಎಂದು ಬರೆದವರ ಚೀಟಿಯನ್ನು ಅವರು ಹಿಂದಿರುಗಿಸಿದರು. ಸುರಕ್ಷತಾ ಮೇಲ್ವಿಚಾರಕರು ಮೊದಲ ವಾರ ಮಾಡಿದ್ದ ಭಾಷಣದಲ್ಲಿ ಕಂಪನಿಯ ನೀತಿಯಿತ್ತು, ಶೂನ್ಯ ಅಪಘಾತದ ಗುರಿಯಿತ್ತು, ಕುಟುಂಬದ ಕಡೆ ಗಮನವಿಡಿ ಎಂಬ ಬುದ್ಧಿಮಾತೂ ಇತ್ತು. ಪಾಳಿ ಆರಂಭವಾಗುವ ಮೊದಲು ಕಾರ್ಮಿಕರನ್ನು ನಿಲ್ಲಿಸಿಕೊಂಡು ಮಾಡುವ ಟೂಲ್‌ಬಾಕ್ಸ್ ಟಾಕ್ ಎಂಬ ಸಣ್ಣ ಮಾತುಕತೆಗೆ ಅವರು ಸಿದ್ಧವಾಗುತ್ತಿದ್ದರು. ಎರಡನೆಯ ವಾರ ಅವರ ಚೀಟಿಯಲ್ಲಿದ್ದ ವಾಕ್ಯ ಇದು: ‘ಎತ್ತರದಲ್ಲಿ ಜಾಗ ಬದಲಿಸುವಾಗ, ಬೆಲ್ಟಿನ ಒಂದು ಕೊಕ್ಕೆಯನ್ನು ಬಿಚ್ಚುವ ಮೊದಲು ಇನ್ನೊಂದನ್ನು ಸಿಕ್ಕಿಸಿರಬೇಕು.’ ಆ ವಾಕ್ಯ ಸಿಕ್ಕ ಮೇಲೆ ಅವರ ಭಾಷಣ ತಾನಾಗಿಯೇ ಚಿಕ್ಕದಾಯಿತು. ಎರಡು ಕೊಕ್ಕೆಯ ಬೆಲ್ಟನ್ನು ತಾವೇ ತೊಟ್ಟುಕೊಂಡು ಬಂದರು, ಕೊಕ್ಕೆಗಳನ್ನು ಎತ್ತಿ ತೋರಿಸಿದರು, ಬೆಂಚಿನ ಸರಳಿಗೆ ಒಂದಾದ ಮೇಲೆ ಒಂದನ್ನು ಸಿಕ್ಕಿಸಿದರು, ನಂತರ ನಮ್ಮಲ್ಲಿ ಒಬ್ಬರನ್ನು ಕರೆದು ಅದನ್ನೇ ಮಾಡಿಸಿದರು. ಒಡಿಶಾದಿಂದಲೋ ಬಿಹಾರದಿಂದಲೋ ಬಂದ, ಕನ್ನಡ ಬಾರದ ಕಾರ್ಮಿಕನಿಗೂ ಆ ಮಾತು ತಲುಪುತ್ತದೆ.

ತರಬೇತುದಾರರು ಸಿದ್ಧಾಂತಕ್ಕೆ ಬಂದದ್ದು ಇದಾದ ಮೇಲೆಯೇ. ಮಾತಿನಿಂದ ಜನರನ್ನು ಒಪ್ಪಿಸುವುದಕ್ಕೆ ಮೂರು ಆಧಾರಗಳಿವೆ ಎಂದು ಗ್ರೀಸಿನ ಅರಿಸ್ಟಾಟಲ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಹೇಳಿದ: ಮಾತನಾಡುವವನ ಮೇಲಿನ ನಂಬಿಕೆ, ಕೇಳುವವರ ಮನಸ್ಸಿನ ಭಾವ, ಮಾತಿನೊಳಗಿನ ತರ್ಕ. ಮೇಲ್ವಿಚಾರಕರು ತಾವೇ ಬೆಲ್ಟ್ ತೊಟ್ಟು ಬಂದದ್ದು ಮೊದಲನೆಯದು; ಬಿದ್ದರೆ ಏನಾಗುತ್ತದೆಂಬ ಭಯವನ್ನು ಒಂದೇ ವಾಕ್ಯದಲ್ಲಿ ಮುಟ್ಟಿಸಿದ್ದು ಎರಡನೆಯದು; ಎರಡೂ ಕೊಕ್ಕೆ ಬಿಚ್ಚಿರುವ ಆ ಕ್ಷಣದಲ್ಲಿ ಮನುಷ್ಯನನ್ನು ಹಿಡಿದುಕೊಳ್ಳುವುದು ಏನೂ ಇಲ್ಲ ಎಂದು ತೋರಿಸಿದ್ದು ಮೂರನೆಯದು. ಕಣ್ಣಾರೆ ಕಂಡದ್ದಕ್ಕೆ ಆಮೇಲೆ ಹೆಸರಿಡುವ ಈ ಕ್ರಮ ನನಗೆ ಬಹಳ ಹಿಡಿಸಿತು. ಹೆಸರುಗಳನ್ನು ಮೊದಲು ಬಾಯಿಪಾಠ ಮಾಡಿಸಿ ಉದಾಹರಣೆಯನ್ನು ಮನೆಕೆಲಸಕ್ಕೆ ಕೊಡುವ ಕಾಲೇಜಿನ ಪದ್ಧತಿಗಿಂತ ಇದು ಎಷ್ಟೋ ಮೇಲು.

ಧ್ವನಿಯ ಪಾಠಕ್ಕೆ ರಂಗಭೂಮಿಯಲ್ಲಿ ಪಳಗಿದ ಹಿರಿಯರೊಬ್ಬರನ್ನು ಕರೆಸಿದ್ದರು. ಬಳ್ಳಾರಿಯಲ್ಲಿ ಇಂಥವರಿಗೆ ಕೊರತೆಯಿಲ್ಲ. ವೃತ್ತಿಯಲ್ಲಿ ವಕೀಲರಾಗಿದ್ದು ರಂಗದ ಮೇಲೆ ಮಹಾನಟರೆನಿಸಿಕೊಂಡ ಬಳ್ಳಾರಿ ರಾಘವ (1880–1946) ಅವರ ಊರು ಇದು. ಅವರ ಹೆಸರಿನ ಕಲಾಮಂದಿರದಲ್ಲಿ ಇಂದಿಗೂ ನಾಟಕಗಳಾಗುತ್ತವೆ. ಬಂದ ಹಿರಿಯರು ಎದೆಯ ಮೇಲ್ಭಾಗದಿಂದಲ್ಲ, ಹೊಟ್ಟೆ ಉಬ್ಬುವಂತೆ ಉಸಿರು ತೆಗೆದುಕೊಳ್ಳುವುದನ್ನೂ ಒಂದೇ ಉಸಿರಿನಲ್ಲಿ ಒಂದು ಪೂರ್ತಿ ವಾಕ್ಯ ಹೇಳಿ ನಿಲ್ಲುವುದನ್ನೂ ಮಾಡಿಸಿದರು. ಅವರು ಹೇಳಿದ ಇನ್ನೊಂದು ಸಂಗತಿ ಯಾವ ಇಂಗ್ಲಿಷ್ ಕೈಪಿಡಿಯಲ್ಲಿಯೂ ಸಿಗಲಾರದು. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ, ಮಾಡಬೇಕೋ ಮಾಡಬಾರದೋ ಎಂಬುದೆಲ್ಲ ಗೊತ್ತಾಗುವುದು ವಾಕ್ಯದ ಕೊನೆಯ ಎರಡು ಮೂರು ಅಕ್ಷರಗಳಲ್ಲಿ. ಉಸಿರು ಮುಗಿದು ಧ್ವನಿ ಇಳಿಯುವುದೂ ಸರಿಯಾಗಿ ಅಲ್ಲಿಯೇ. ‘ಈ ಲಾಟಿನ ಬಟ್ಟೆಯನ್ನು ಆ ಲಾಟಿನ ಜೊತೆ ವಾಷಿಂಗಿಗೆ ಹಾಕಬಾರದು’ ಎಂದು ಹೊಲಿಗೆ ಯಂತ್ರಗಳ ಸದ್ದಿನ ನಡುವೆ ಹೇಳಿದಾಗ ಕೊನೆಯ ಪದ ನುಂಗಿಹೋದರೆ, ಬಣ್ಣ ಹತ್ತಿದ ಮಾಲು ಹೊರಬರುತ್ತದೆ. ವಾಕ್ಯದ ಕೊನೆಯವರೆಗೂ ಧ್ವನಿಯನ್ನು ಎತ್ತಿ ಹಿಡಿಯುವ ಈ ಅಭ್ಯಾಸವನ್ನು ಅವರು ಎಲ್ಲರಿಂದಲೂ ಮತ್ತೆ ಮತ್ತೆ ಮಾಡಿಸಿದರು, ನಮ್ಮ ಘಟಕದಲ್ಲಿ ಅದರ ಪ್ರಯೋಜನವನ್ನು ನಾನು ದಿನವೂ ಕಾಣುತ್ತಿದ್ದೇನೆ.

ವೇದಿಕೆಯ ಅಂಜಿಕೆಯ ಬಗ್ಗೆ ಹೇಳಿದ್ದು ಎಲ್ಲರಿಗೂ ತಿಳಿದದ್ದೇ: ಎದೆಬಡಿತ ಮೊದಲ ನಿಮಿಷದಲ್ಲಿ ಹೆಚ್ಚಿರುತ್ತದೆ, ಮೊದಲ ಎರಡು ವಾಕ್ಯಗಳನ್ನಾದರೂ ಪೂರ್ತಿ ಬಾಯಿಗೆ ತಂದುಕೊಂಡಿರಬೇಕು, ಉಳಿದದ್ದನ್ನು ಉರುಹೊಡೆಯಬಾರದು.

ಸಮಯಪಾಲನೆಯ ಕ್ರಮವನ್ನು, ಭಾಷಣ ಅಭ್ಯಾಸ ಮಾಡುವವರು ಸೇರುವ ಟೋಸ್ಟ್‌ಮಾಸ್ಟರ್ಸ್ ಕೂಟಗಳಿಂದ ತೆಗೆದುಕೊಂಡಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಎಂಬ ಊರಿನಲ್ಲಿ ರಾಲ್ಫ್ ಸ್ಮೆಡ್ಲಿ 1924ರಲ್ಲಿ ಆರಂಭಿಸಿದ ಕೂಟ ಅದು. ಐದರಿಂದ ಏಳು ನಿಮಿಷದ ಭಾಷಣಕ್ಕೆ ಐದನೆಯ ನಿಮಿಷದಲ್ಲಿ ಹಸಿರು, ಆರರಲ್ಲಿ ಹಳದಿ, ಏಳರಲ್ಲಿ ಕೆಂಪು ದೀಪ ತೋರಿಸುವುದು ಅಲ್ಲಿನ ಪದ್ಧತಿ. ಇಲ್ಲಿ ದೀಪಗಳ ಬದಲು ಬಣ್ಣದ ರಟ್ಟುಗಳಿದ್ದವು, ಅಷ್ಟೇ. ಆದರೆ ಅದನ್ನು ನಮ್ಮ ಕಾರ್ಯಕ್ರಮಗಳಿಗೆ ಹೊಂದಿಸಿದ ರೀತಿ ತರಬೇತುದಾರರದೇ. ಸ್ವಾಗತ, ಪ್ರಾಸ್ತಾವಿಕ ನುಡಿ, ವಂದನಾರ್ಪಣೆ ಇವುಗಳನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಿಸಿದರು. ವೇದಿಕೆಯ ಮೇಲಿರುವ ಪ್ರತಿಯೊಬ್ಬ ಗಣ್ಯರ ಹೆಸರು, ಹುದ್ದೆ, ಬಿರುದುಗಳನ್ನು ಪ್ರತಿಯೊಬ್ಬ ಭಾಷಣಕಾರನೂ ಮೊದಲಿನಿಂದ ಹೇಳುತ್ತಾ ಹೋದರೆ ಮುಖ್ಯ ವಿಷಯಕ್ಕೆ ಬರುವ ಹೊತ್ತಿಗೆ ಸಭೆ ಅರ್ಧ ಖಾಲಿಯಾಗಿರುತ್ತದೆ. ಹೆಸರುಗಳನ್ನು ಸ್ವಾಗತ ಮಾಡುವವರು ಒಮ್ಮೆ ಪೂರ್ತಿಯಾಗಿ, ಗೌರವದಿಂದ ಹೇಳಬೇಕು. ಉಳಿದವರು ಅಧ್ಯಕ್ಷರನ್ನು ಮಾತ್ರ ಹೆಸರಿಸಿ ‘ವೇದಿಕೆಯ ಮೇಲಿರುವ ಎಲ್ಲ ಹಿರಿಯರೇ’ ಎಂದು ಮುಂದುವರಿಯಬೇಕು ಎಂಬುದು ಅವರ ಸಲಹೆ. ಸಂಘದ ಲೆಕ್ಕ ಬರೆಯುವ ಆ ಮಹಿಳೆ ವಾರ್ಷಿಕ ಸಭೆಯ ವರದಿಯನ್ನು ಇದೇ ಕ್ರಮದಲ್ಲಿ ಅಭ್ಯಾಸ ಮಾಡಿದರು; ಎಷ್ಟು ಉಳಿತಾಯ, ಎಷ್ಟು ಸಾಲ, ಯಾವ ಕಂತು ಬಾಕಿ ಎಂಬ ಮೂರು ಸಂಗತಿಗಳು ಏಳು ನಿಮಿಷದೊಳಗೆ ಎಲ್ಲರಿಗೂ ಸ್ಪಷ್ಟವಾದವು.

ಇನ್ನು ದೋಷಗಳು. ನಾಲ್ಕನೆಯ ವಾರ ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಒಂದು ಲೆಕ್ಕ ಬಂದಿತು: ಸಂವಹನದಲ್ಲಿ ಪದಗಳ ಪಾಲು 7, ಧ್ವನಿಯ ಏರಿಳಿತದ ಪಾಲು 38, ದೇಹಭಾಷೆಯ ಪಾಲು ಶೇಕಡಾ 55. ಇದು ಬಹಳ ಕಡೆ ಸುತ್ತಾಡುತ್ತಿರುವ ತಪ್ಪು ತಿಳಿವಳಿಕೆ, ತರಬೇತಿ ಕೊಡುವವರು ಇದನ್ನು ಹೀಗೆ ಹೇಳಬಾರದು. ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನೋವಿಜ್ಞಾನಿ 1967ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಎರಡು ಪ್ರಯೋಗಗಳನ್ನು ಕೂಡಿಸಿ ಬಂದ ಅಂಕಿಗಳಿವು. ಒಂದರಲ್ಲಿ ಬಿಡಿ ಪದಗಳನ್ನು ಬೇರೆ ಬೇರೆ ಧ್ವನಿಯಲ್ಲಿ ಕೇಳಿಸಿದರು, ಇನ್ನೊಂದರಲ್ಲಿ ಧ್ವನಿಯನ್ನು ಮುಖದ ಛಾಯಾಚಿತ್ರಗಳ ಜೊತೆ ಹೋಲಿಸಿದರು. ಕೇಳುಗರು ಊಹಿಸಬೇಕಾಗಿದ್ದದ್ದು, ಮಾತನಾಡಿದವರಿಗೆ ಎದುರಿನವರ ಮೇಲೆ ಇಷ್ಟವಿದೆಯೋ ಇಲ್ಲವೋ ಎಂಬುದನ್ನು ಮಾತ್ರ. ಭಾವನೆ, ಇಷ್ಟಾನಿಷ್ಟಗಳ ಮಾತಿಗಲ್ಲದೆ ಬೇರೆಡೆ ಈ ಸೂತ್ರ ಅನ್ವಯಿಸುವುದಿಲ್ಲ ಎಂದು ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ವ್ಯಾಪಾರಿಗಳಾದ ನಮಗೆ ಇದು ತಿಳಿಯಲು ಪ್ರಯೋಗವೂ ಬೇಕಿಲ್ಲ. ಮುಂಬೈಯಿಂದಲೋ ಹುಬ್ಬಳ್ಳಿಯಿಂದಲೋ ಫೋನಿನಲ್ಲಿ ಬರುವ ಆರ್ಡರಿನಲ್ಲಿ ಮುಖ ಕಾಣುವುದಿಲ್ಲ, ಕೈಸನ್ನೆಯಿಲ್ಲ. ಆದರೂ ಯಾವ ಸೊಂಟದ ಅಳತೆಯವು ಎಷ್ಟು, ಯಾವ ಬಣ್ಣ, ಎಂದಿಗೆ ಎಂಬುದು ಪೂರ್ತಿಯಾಗಿ ತಲುಪುತ್ತದೆ. ಆ ಪರದೆಯನ್ನು ನೋಡಿದ ವಿದ್ಯಾರ್ಥಿಗಳು ಮುಂದಿನ ವಾರ ಕೈಗಳನ್ನು ಹೆಚ್ಚು ಆಡಿಸಿದರು, ವಿಷಯವನ್ನು ಕಡಿಮೆ ಸಿದ್ಧಪಡಿಸಿಕೊಂಡು ಬಂದರು. ಎರಡನೆಯ ವಾರದ ಅಷ್ಟು ಒಳ್ಳೆಯ ಪಾಠಕ್ಕೆ ಇದು ತಾನಾಗಿ ತಂದುಕೊಂಡ ಹಾನಿ. ನಿಮಿಷಕ್ಕೆ 120ರಿಂದ 150 ಪದಗಳ ವೇಗದಲ್ಲಿ ಮಾತನಾಡಬೇಕೆಂಬ ಸೂಚನೆಯೂ ಇಂಗ್ಲಿಷಿಗೆ ಹೇಳಿದ್ದನ್ನು ಹಾಗೆಯೇ ಎತ್ತಿ ತಂದದ್ದು; ಪ್ರತ್ಯಯಗಳು ಸೇರಿ ಉದ್ದವಾಗುವ ಕನ್ನಡದ ಪದಗಳನ್ನು ಆ ಲೆಕ್ಕದಲ್ಲಿ ಎಣಿಸಿದರೆ ಉಸಿರು ಕಟ್ಟುತ್ತದೆ.

ಬರವಣಿಗೆಗೆ ಸಿಕ್ಕಿದ್ದು ಒಂದೇ ಭಾನುವಾರದ ಅರ್ಧ ಭಾಗ. ಪತ್ರಕ್ಕೆ ವಿಷಯ, ಉಲ್ಲೇಖ, ದಿನಾಂಕ ಇರಬೇಕು, ಮಿಂಚಂಚೆಯ ಪ್ರತಿಯನ್ನು ಯಾರಿಗೆ ಕಳಿಸಬೇಕು ಎಂಬಲ್ಲಿಗೆ ಪಾಠ ಮುಗಿಯಿತು. ತರಬೇತಿಯ ಹೆಸರಿನಲ್ಲಿ ವ್ಯವಹಾರ ಸಂವಹನ ಎಂಬುದು ಮೊದಲು ಬರುವಾಗ ಇದು ನ್ಯಾಯವಲ್ಲ. ನಮ್ಮ ಊರಿನ ವ್ಯವಹಾರದ ಬಹುಪಾಲು ಈಗ ವಾಟ್ಸ್ಆ್ಯಪ್‌ನಲ್ಲಿ ನಡೆಯುತ್ತದೆ, ಅದರ ಬಗ್ಗೆ ಒಂದು ಮಾತೂ ಬರಲಿಲ್ಲ. ‘ಅಣ್ಣಾ, ನಮ್ದು ಪೇಮೆಂಟ್ ಸ್ವಲ್ಪ ನೋಡ್ರಿ’ ಎಂದು ಕಳಿಸುವ ಸಂದೇಶಕ್ಕೆ ‘ನೋಡೋಣ’ ಎಂಬ ಉತ್ತರ ಬರುವುದು ಸಹಜ, ಏಕೆಂದರೆ ಅದರಲ್ಲಿ ನೋಡಬೇಕಾದದ್ದೇನೂ ಇಲ್ಲ. ಬಿಲ್ಲಿನ ಸಂಖ್ಯೆ, ಮಾಲು ತಲುಪಿದ ದಿನ, ಬಾಕಿ ಮೊತ್ತ, ಹಣ ಸೇರಬೇಕಾದ ದಿನ ಈ ನಾಲ್ಕನ್ನೂ ಬರೆದು, ಕೊನೆಗೆ ‘ಎಂದು ಕಳಿಸುತ್ತೀರಿ, ದಯವಿಟ್ಟು ತಿಳಿಸಿ’ ಎಂದು ಕೇಳಿದರೆ ಎದುರಿನವರು ಒಂದು ದಿನಾಂಕವನ್ನು ಹೇಳಲೇಬೇಕಾಗುತ್ತದೆ. ಸಂಬಂಧವೂ ಕೆಡುವುದಿಲ್ಲ, ‘ಅಣ್ಣಾ’ ಎಂಬ ಆತ್ಮೀಯತೆಯನ್ನೂ ಬಿಡಬೇಕಾಗಿಲ್ಲ.

ಬರವಣಿಗೆಯ ಬೆಲೆ ಗೊತ್ತಾಗುವುದು ಕಾನೂನಿನ ಎದುರಿಗೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಪಡೆದವರು ಬರಹದ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು, ಆ ಅವಧಿಯೂ 45 ದಿನಗಳನ್ನು ಮೀರುವಂತಿಲ್ಲ. ಬರಹದ ಒಪ್ಪಂದವಿಲ್ಲದಿದ್ದರೆ ಇರುವುದು 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಗೆ ಅವಕಾಶವಿದೆ. ಈ ಹಕ್ಕನ್ನು ಕೇಳಬೇಕಾದರೆ ಮಾಲು ಎಂದು ತಲುಪಿತು, ಯಾರು ಒಪ್ಪಿಕೊಂಡರು ಎಂಬುದು ಎಲ್ಲಾದರೂ ದಾಖಲಾಗಿರಬೇಕು. ಧ್ವನಿ ಸಂದೇಶಗಳನ್ನೇ ನಂಬಿದರೆ, ಮೂರು ತಿಂಗಳಾದ ಮೇಲೆ ದರ ಎಷ್ಟೆಂದು ಮಾತಾಗಿತ್ತು ಎಂಬುದನ್ನು ಹುಡುಕಿ ತೆಗೆಯುವುದೇ ಕಷ್ಟ. ದರ, ಎಣಿಕೆ, ದಿನಾಂಕ ಈ ಮೂರನ್ನಾದರೂ ಅಕ್ಷರದಲ್ಲಿ ಕಳಿಸಿ ‘ಸರಿ’ ಎಂಬ ಉತ್ತರ ಪಡೆಯುವುದನ್ನು ಅಭ್ಯಾಸ ಮಾಡಿಸುವ ಒಂದು ಪೂರ್ತಿ ಭಾನುವಾರವನ್ನು ಈ ತರಬೇತಿಗೆ ಸೇರಿಸಲೇಬೇಕು. ನಾನು ಇದನ್ನು ಅವರಿಗೆ ಬರೆದುಕೊಟ್ಟಿದ್ದೇನೆ, ಅವರು ಸೌಜನ್ಯದಿಂದ ಸ್ವೀಕರಿಸಿದ್ದಾರೆ.

ಮೈಕಿನ ಅಭ್ಯಾಸವೂ ಇರಲಿಲ್ಲ. ನಮ್ಮ ಕಡೆ ನಲವತ್ತು ಜನರ ಸಭೆಗೂ ಧ್ವನಿವರ್ಧಕ ಇರುತ್ತದೆ. ಮೈಕನ್ನು ಬಾಯಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ ಹಿಡಿಯುವುದು, ಅದನ್ನು ಸ್ಪೀಕರ್ ಪೆಟ್ಟಿಗೆಯ ಎದುರಿಗೆ ಒಯ್ಯದಿರುವುದು, ತಟ್ಟಿ ಊದಿ ನೋಡದಿರುವುದು ಇವು ಹತ್ತು ನಿಮಿಷದಲ್ಲಿ ಕಲಿಸಬಹುದಾದ ವಿಷಯಗಳು. ಕೊಠಡಿ ಮೇಲಿನ ಮಹಡಿಯಲ್ಲಿದ್ದು ಬೇಸಿಗೆಯಲ್ಲಿ ಬಿಸಿಯಾಗುತ್ತದೆ, ಹನ್ನೆರಡರ ನಂತರ ಗಮನವಿಡುವುದು ಕಷ್ಟ. ಮಹಿಳೆಯರ ಸಂಖ್ಯೆ ಕಡಿಮೆಯಿತ್ತು. ಭಾನುವಾರ ಬೆಳಗಿನ ಹೊತ್ತು ಮನೆಗೆಲಸ ಬಿಟ್ಟು ಬರುವುದು ಅವರಿಗೆ ಸುಲಭವಲ್ಲ, ಮಧ್ಯಾಹ್ನದ ಇನ್ನೊಂದು ತಂಡ ಮಾಡಿದರೆ ಹೆಚ್ಚು ಜನ ಬಂದಾರು.

ಸೇರುವ ಮೊದಲು ಒಂದು ತರಗತಿಯಲ್ಲಿ ಶುಲ್ಕವಿಲ್ಲದೆ ಕುಳಿತು ನೋಡಲು ಬಿಡುತ್ತಾರೆ. ಹಾಗೆ ನೋಡಲು ಹೋದವರು, ಇಲ್ಲಿಯಾಗಲಿ ಬೇರೆ ಊರಿನ ಬೇರೆ ಕೇಂದ್ರದಲ್ಲಾಗಲಿ, ಮೂರು ಗಂಟೆಯಲ್ಲಿ ಕಲಿಯಲು ಬಂದವರು ಎಷ್ಟು ಹೊತ್ತು ನಿಂತು ಮಾತನಾಡಿದರು, ಕಲಿಸುವವರು ಎಷ್ಟು ಹೊತ್ತು ಮಾತನಾಡಿದರು ಎಂಬುದನ್ನು ಗಮನಿಸಬೇಕು. ಬರವಣಿಗೆಗೆ ಎಷ್ಟು ವಾರ ಮೀಸಲಿದೆ ಎಂದು ಬಾಯಿಬಿಟ್ಟು ಕೇಳಬೇಕು. ಇಲ್ಲಿ ಮೊದಲ ಪ್ರಶ್ನೆಗೆ ತೃಪ್ತಿಕರ ಉತ್ತರ ಸಿಗುತ್ತದೆ: ಪ್ರತಿ ವಾರ ಪ್ರತಿಯೊಬ್ಬರಿಗೂ ಎದ್ದು ನಿಂತು ಮಾತನಾಡುವ ಸರದಿ ಬಂದೇ ಬರುತ್ತದೆ. ಎರಡನೆಯದಕ್ಕೆ ಮುಂದಿನ ತಂಡದಿಂದ ಒಂದು ಭಾನುವಾರ ಹೆಚ್ಚಿಸುವುದಾಗಿ ಹೇಳಿದ್ದಾರೆ, ಆದ್ದರಿಂದ ಪತ್ರವ್ಯವಹಾರಕ್ಕಾಗಿಯೇ ಬರುವವರು ಹೊಸ ವೇಳಾಪಟ್ಟಿಯನ್ನು ಕೈಗೆ ತೆಗೆದುಕೊಂಡ ಮೇಲೆ ಹಣ ಕಟ್ಟುವುದು ಒಳ್ಳೆಯದು.