ಫೋನ್ ತಡೆದ ಆ್ಯಪನ್ನು ‘ಓಪನ್ ಮಾಡಿಸಿಕೊಡ್ತೀನಿ’ ಅನ್ನುವವರನ್ನು ನಂಬಬೇಡಿ

ಮುಂಬೈ, ಠಾಣೆ ಕಡೆ ಇರುವ ನಮ್ಮವರೆಲ್ಲ ದಯವಿಟ್ಟು ಇದನ್ನು ಓದಿ. ಮನೆಯ ಹಿರಿಯರಿಗೂ ಓದಿ ಹೇಳಿ. ನಿಮ್ಮ ಫೋನ್ ಒಂದು ಆ್ಯಪನ್ನು ತಡೆದಿದೆ, ಪರಿಚಯ ಇಲ್ಲದ ಯಾರೋ ಕಾಲ್‌ನಲ್ಲೇ ಇದ್ದುಕೊಂಡು ಆ ತಡೆ ತೆಗೆಯೋದು ಹೇಗೆ ಅಂತ ಹೇಳಿಕೊಡುತ್ತಿದ್ದಾರೆ ಅಂದರೆ, ಅವರು ಕಳ್ಳರೇ. ಮುಂದಿನ ಮಾತು ಕೇಳದೆ ಫೋನ್ ಇಡಿ.

ಡೊಂಬಿವಲಿಯಲ್ಲಿರುವ ನಮ್ಮ ಚಿಕ್ಕಪ್ಪನಿಗೆ ಹೀಗೇ ಆಯಿತು. ಸಂಜೆ ವಾಟ್ಸ್ಆ್ಯಪ್‌ಗೆ ಒಂದು ಮೆಸೇಜ್: ಪೈಪ್ ಗ್ಯಾಸ್ ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ ಒಂಬತ್ತೂವರೆಗೆ ಕನೆಕ್ಷನ್ ಕಟ್ ಆಗುತ್ತೆ. ಕೆಳಗೊಂದು ನಂಬರ್. ಚಿಕ್ಕಪ್ಪ ಬಿಲ್ ಕಟ್ಟಿದ್ದರು, ರಸೀದಿಯೂ ಇತ್ತು. ಅದನ್ನೇ ಹೇಳೋಣ ಅಂತ ಫೋನ್ ಮಾಡಿದರು. ಆ ಕಡೆಯವನು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. ‘ನೀವು ಕಟ್ಟಿದ್ದೀರಿ ಅಂಕಲ್, ಸಿಸ್ಟಮ್‌ನಲ್ಲಿ ಸೇರಿಲ್ಲ ಅಷ್ಟೇ. ಒಂದು ಆ್ಯಪ್ ಕಳಿಸ್ತೀನಿ, ಅದರಲ್ಲಿ ಹನ್ನೆರಡು ರೂಪಾಯಿ ಹಾಕಿಬಿಡಿ’ ಅಂದ. ಬಂದದ್ದು ಎಪಿಕೆ ಫೈಲ್. ಅಂದರೆ ಪ್ಲೇ ಸ್ಟೋರ್‌ಗೆ ಹೋಗದೆ ನೇರವಾಗಿ ಫೋನಿಗೆ ಹಾಕಿಕೊಳ್ಳುವ ಆ್ಯಪ್.

ಫೋನ್ ಇದನ್ನು ಸುಮ್ಮನೆ ಒಳಗೆ ಬಿಡಲಿಲ್ಲ. ಮೊದಲು ಪ್ಲೇ ಪ್ರೊಟೆಕ್ಟ್, ಅಂದರೆ ಅಪಾಯದ ಆ್ಯಪ್‌ಗಳನ್ನು ಹಿಡಿಯುವ ಗೂಗಲ್‌ನ ಕಾವಲು, ತಡೆಯಿತು. ಎಸ್ಸೆಮ್ಮೆಸ್ ಓದುವ, ನೋಟಿಫಿಕೇಶನ್ ನೋಡುವ, ಆ್ಯಕ್ಸೆಸಿಬಿಲಿಟಿ ಬಳಸುವ ಅನುಮತಿ ಬೇಕು ಅನ್ನುವ ಇಂಥ ಹೊರಗಿನ ಆ್ಯಪ್‌ಗಳನ್ನು ತಡೆಯುವ ಏರ್ಪಾಡನ್ನು ಗೂಗಲ್ 2024ರಲ್ಲಿ ಭಾರತದಲ್ಲೂ ಶುರು ಮಾಡಿತು. ಆ ಮನುಷ್ಯ ಪ್ಲೇ ಸ್ಟೋರ್ ತೆರೆಸಿದ, ಮೂಲೆಯ ಪ್ರೊಫೈಲ್ ಚಿತ್ರ ಒತ್ತಿಸಿದ, ಪ್ಲೇ ಪ್ರೊಟೆಕ್ಟ್‌ನ ಸ್ಕ್ಯಾನ್ ಆಫ್ ಮಾಡಿಸಿದ. ಆ್ಯಪ್ ಒಳಗೆ ಬಂತು.

ಆಮೇಲೆ ಆ್ಯಕ್ಸೆಸಿಬಿಲಿಟಿ ಆನ್ ಮಾಡಿ ಅಂದ. ಅಲ್ಲಿ ಆ ಆ್ಯಪ್‌ನ ಹೆಸರು ಮಸುಕಾಗಿ ಕಾಣುತ್ತಿತ್ತು. ಒತ್ತಿದರೆ ‘ರಿಸ್ಟ್ರಿಕ್ಟೆಡ್ ಸೆಟ್ಟಿಂಗ್’, ಅಂದರೆ ಇದಕ್ಕೆ ನಿರ್ಬಂಧ ಇದೆ, ಅಂತ ಬಂತು. 2022ರ ಆಂಡ್ರಾಯ್ಡ್ 13ರಿಂದ ಈ ತಡೆ ಇದೆ. ಚಿಕ್ಕಪ್ಪ ಇಲ್ಲಿ ನಿಂತರು. ‘ಇದು ಬೇಡ ಅಂತ ಹೇಳ್ತಾ ಇದೆಯಲ್ಲ’ ಅಂತ ಕೇಳಿಯೂ ಕೇಳಿದರು. ‘ಹೊಸ ಆ್ಯಪ್ ಹಾಕಿದ್ರೆ ಎಲ್ಲಾ ಫೋನೂ ಹಾಗೇ ಹೇಳುತ್ತೆ ಅಂಕಲ್, ನಾನು ಲೈನಲ್ಲೇ ಇದ್ದೀನಿ’ ಅಂದ. ಆ್ಯಪ್ ಇನ್ಫೋ, ಮೇಲೆ ಬಲಗಡೆ ಮೂರು ಚುಕ್ಕಿ, ‘ಅಲೋ ರಿಸ್ಟ್ರಿಕ್ಟೆಡ್ ಸೆಟ್ಟಿಂಗ್ಸ್’, ಫೋನಿನ ಪಿನ್. ಅಷ್ಟೇ, ಬಾಗಿಲು ತೆರೆಯಿತು.

ಆ್ಯಕ್ಸೆಸಿಬಿಲಿಟಿ ಇರುವುದು ಕಣ್ಣು ಕಾಣದವರಿಗೆ, ಕೈ ಆಡದವರಿಗೆ ಅನುಕೂಲವಾಗಲಿ ಅಂತ. ಅದು ಸಿಕ್ಕ ಆ್ಯಪ್ ಪರದೆಯ ಮೇಲಿರುವುದನ್ನು ಓದಬಲ್ಲದು, ನಿಮ್ಮ ಬದಲು ಬಟನ್ ಕೂಡ ಒತ್ತಬಲ್ಲದು. ಓಟಿಪಿಯನ್ನು ಚಿಕ್ಕಪ್ಪ ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಆ್ಯಪ್ ತಾನೇ ಓದಿ ಕಳಿಸಿತು. ಆ ರಾತ್ರಿಯೇ ಕಳ್ಳರು ಆನ್‌ಲೈನ್‌ನಲ್ಲಿ ಚಿಕ್ಕಪ್ಪನ ಎಫ್‌ಡಿ ಮುರಿದರು, ಉಳಿತಾಯ ಖಾತೆಗೆ ಬಂದ ದುಡ್ಡನ್ನು ಬೇರೆ ಬೇರೆ ಖಾತೆಗೆ ಸಾಗಿಸಿದರು. ಬ್ಯಾಂಕಿನ ಇಮೇಲ್ ತಂಗಿಯ ಫೋನಿಗೂ ಬರುತ್ತಿತ್ತು. ಅವಳು ನೋಡಿದ್ದರಿಂದ ಸ್ವಲ್ಪವಾದರೂ ಉಳಿಯಿತು. ನಿಮ್ಮ ಮನೆಯಲ್ಲೂ ಹಿರಿಯರ ಬ್ಯಾಂಕ್ ಇಮೇಲ್ ಇನ್ನೊಬ್ಬರ ಕಣ್ಣಿಗೆ ಬೀಳುವ ಹಾಗೆ ಮಾಡಿಡಿ.

‘ಅಷ್ಟೂ ಗೊತ್ತಾಗಲ್ವಾ ಅವರಿಗೆ’ ಅಂತ ನೆಂಟರಲ್ಲಿ ಕೆಲವರು ಅಂದರು. ನನಗೆ ತುಂಬಾ ನೋವಾಯಿತು. ಮುಂಬೈಯ ಫೋರ್ಟ್‌ ಪ್ರದೇಶದ ಕ್ಯಾಂಟೀನ್ ಒಂದರ ಲೆಕ್ಕವನ್ನು ಪೈಸೆ ತಪ್ಪದೆ ನೋಡಿಕೊಂಡವರು ಅವರು. ಕಳ್ಳ ಹೆದರಿಸಿದ್ದು ಬರೀ ಮೊದಲ ಮೆಸೇಜಿನಲ್ಲಿ. ಆಮೇಲೆ ಪೂರ್ತಿ ಸಹಾಯ ಮಾಡುವವನ ದನಿ. ಕಟ್ಟಿದ ಬಿಲ್ ಬಗ್ಗೆ ಪ್ರಾಮಾಣಿಕವಾಗಿ ವಿಚಾರಿಸಲು ಹೋದವರನ್ನು ದಡ್ಡರು ಅನ್ನಬೇಡಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಇನ್ನೂ ಜಾಸ್ತಿ ದುಡ್ಡು ಹೋಗುತ್ತೆ.

ಹೀಗೆ ಆಗಿಬಿಟ್ಟರೆ ಮೊದಲು ಆ ಫೋನಿನ ಇಂಟರ್ನೆಟ್ ನಿಲ್ಲಿಸಿ. ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆಫ್ ಆಗಿದೆಯಾ ನೋಡಿ, ಸಿಮ್ ಹೊರಗೆ ತೆಗೆಯಿರಿ. ಬೇರೆ ಫೋನಿನಿಂದ 1930ಕ್ಕೆ ಕಾಲ್ ಮಾಡಿ. ಇದು ಸೈಬರ್ ವಂಚನೆಗೆ ಇಡೀ ದೇಶಕ್ಕೆ ಒಂದೇ ಸಹಾಯವಾಣಿ, ಬೇಗ ಹೇಳಿದಷ್ಟೂ ದುಡ್ಡು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಜೊತೆಗೇ ಬ್ಯಾಂಕಿಗೆ ತಿಳಿಸಿ, ದೂರಿನ ನಂಬರ್ ಬರೆದುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ನೀವು ತಿಳಿಸಿದ ಮೇಲೆ ಹೋಗುವ ದುಡ್ಡಿಗೆ ಬ್ಯಾಂಕೇ ಹೊಣೆ. ಆದ್ದರಿಂದ ತಿಳಿಸಿದ ಹೊತ್ತಿಗೆ ಬೆಲೆ ಇದೆ. ಬ್ಯಾಂಕಿನ ನಂಬರನ್ನು ಡೆಬಿಟ್ ಕಾರ್ಡಿನ ಹಿಂಬದಿಯಲ್ಲೇ ನೋಡಿ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ನಕಲಿ ಕಸ್ಟಮರ್ ಕೇರ್ ಸಿಕ್ಕಿ ಎರಡನೇ ಸಲ ಮೋಸ ಹೋಗುತ್ತೀರಿ.

ಫೋನ್ ಶುಚಿ ಮಾಡುವುದು ಆಮೇಲಿನ ಕೆಲಸ. ಚಿಕ್ಕಪ್ಪನ ಫೋನಿನಲ್ಲಿ ಆ ಆ್ಯಪ್‌ನ ಐಕಾನ್ ಮಾಯವಾಗಿತ್ತು, ಅನ್‌ಇನ್‌ಸ್ಟಾಲ್ ಒತ್ತಲು ಹೋದರೆ ಪರದೆ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ಹೊರಗಿನಿಂದ ಹಾಕಿದ ಆ್ಯಪ್‌ಗಳು ಓಡದ ಸೇಫ್ ಮೋಡ್‌ನಲ್ಲಿ ಫೋಟೊ, ನಂಬರ್ ಮಾತ್ರ ಉಳಿಸಿಕೊಂಡು ಫ್ಯಾಕ್ಟರಿ ರಿಸೆಟ್ ಮಾಡಿದೆವು. ಸಿಮ್ ವಾಪಸ್ ಹಾಕಿದ ಮೇಲೆ ##002# ಒತ್ತಿ ಕಾಲ್ ಫಾರ್ವರ್ಡಿಂಗ್ ಪೂರ್ತಿ ರದ್ದು ಮಾಡಿದೆವು. ಬ್ಯಾಂಕಿನ ಕಾಲ್ ಕಳ್ಳರಿಗೆ ಹೋಗುವ ಹಾಗೆ ಮಾಡಿಡುವುದೂ ಉಂಟು. ಇಮೇಲ್ ಪಾಸ್‌ವರ್ಡ್, ಯುಪಿಐ ಪಿನ್ ಎಲ್ಲಾ ಹೊಸದು.

ಬ್ಯಾಂಕ್ ಆ್ಯಪ್ ಮಾತ್ರ ಬ್ಲಾಕ್ ಆಗೇ ಇತ್ತು. ಅದನ್ನು ಬಿಡಿಸಿಕೊಡ್ತೀವಿ ಅಂತ ಕೂಡ ಒಂದು ಕಾಲ್ ಬಂತು! ತಂಗಿ ಅಲ್ಲೇ ಇದ್ದಳು, ಫೋನ್ ಇಟ್ಟಳು. ಚಿಕ್ಕಪ್ಪ ಆಧಾರ್, ಪಾಸ್‌ಬುಕ್ ಹಿಡಿದು ಬ್ರಾಂಚಿಗೇ ಹೋಗಿ ಫಾರ್ಮ್ ಬರೆದುಕೊಟ್ಟರು, ಮೊಬೈಲ್ ಬ್ಯಾಂಕಿಂಗ್ ಅಲ್ಲೇ ಮತ್ತೆ ಶುರುವಾಯಿತು. ತಡವಾದರೂ ಅದೇ ಸರಿಯಾದ ದಾರಿ. ಹೋದ ದುಡ್ಡಿನಲ್ಲಿ ಒಂದು ಭಾಗ ಇನ್ನೊಂದು ಬ್ಯಾಂಕಿನಲ್ಲಿ ಹೋಲ್ಡ್ ಆಗಿದೆ. ಅದನ್ನು ಬಿಡಿಸಲು ಕೋರ್ಟ್ ಆದೇಶ ಬೇಕು ಅಂತ ಪೊಲೀಸ್ ಠಾಣೆಯಲ್ಲಿ ಹೇಳಿದ್ದಾರೆ, ಅರ್ಜಿ ಹಾಕಿದ್ದೇವೆ. ಉಳಿದದ್ದರ ಸುಳಿವು ಇನ್ನೂ ಸಿಕ್ಕಿಲ್ಲ.